ಕಾರು ಮಿಸ್ಸಿಂಗ್ ಹೊಡೆಯುತ್ತಿದ್ದರೆ ಮನೆಯಲ್ಲೇ ಕಾರಣ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸಿಗ್ನಲ್‌ನಲ್ಲಿ ನಿಂತಾಗ ಸೀಟು ತಾಳ ತಪ್ಪಿ ನಡುಗುತ್ತದೆ. ಏರು ಹತ್ತುವಾಗ ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ಜರ್ಕ್ ಹೊಡೆಯುತ್ತದೆ. ಪಿಕಪ್ ಇಲ್ಲ, ಸೈಲೆನ್ಸರ್ ಬಳಿ ಹಸಿ ಪೆಟ್ರೋಲ್ ವಾಸನೆ. ಗ್ಯಾರೇಜಿನಲ್ಲಿ ಇದಕ್ಕೆ ‘ಮಿಸ್ಸಿಂಗ್’ ಅನ್ನುತ್ತಾರೆ. ಯಾವುದೋ ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿಯಬೇಕಾದ ಗಳಿಗೆಯಲ್ಲಿ ಉರಿಯಲಿಲ್ಲ, ಇಲ್ಲವೇ ಅರ್ಧಂಬರ್ಧ ಉರಿಯಿತು ಎಂದರ್ಥ. ಉರಿಯುವುದಕ್ಕೆ ಬೇಕಾದ್ದು ನಾಲ್ಕೇ: ಹೊತ್ತಿಗೆ ಸರಿಯಾಗಿ ಕಿಡಿ, ಅಳತೆಯ ಪೆಟ್ರೋಲ್, ಅದಕ್ಕೆ ತಕ್ಕ ಗಾಳಿ, ಸಾಕಷ್ಟು ಕಂಪ್ರೆಷನ್ (ಪಿಸ್ಟನ್ ಆ ಮಿಶ್ರಣವನ್ನು ಅದುಮುವ ಒತ್ತಡ).

ಹೆಚ್ಚಿನವರ ದುಡ್ಡು ಪೋಲಾಗುವುದು ಊಹೆಯ ಮೇಲೆ ಬಿಡಿಭಾಗ ಕೊಳ್ಳುವುದರಿಂದ. ಮೊದಲು ಕಿಡಿ ಹಾರಿಸುವ ಪ್ಲಗ್ ಸೆಟ್, ಮಿಸ್ಸಿಂಗ್ ಹೋಗಲಿಲ್ಲವೆಂದು ಆ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್, ಆಮೇಲೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್‌ನ ಕ್ಲೀನಿಂಗ್, ಕೊನೆಗೆ ಎಂಜಿನ್ ಒಳಗಿನ ಮಸಿ ತೆಗೆಸುವ ಡಿಕಾರ್ಬನೈಸಿಂಗ್. ಇಷ್ಟೆಲ್ಲ ಆದಮೇಲೆ ಇಲಿ ಕಡಿದ ಒಂದು ವೈರ್ ಸಿಗುತ್ತದೆ. ಇಲ್ಲಿ ಹೇಳುವ ವಿಧಾನದ ಜೀವಾಳ ಒಂದೇ ಮಾತು: ಅನುಮಾನ ಬಂದ ಭಾಗವನ್ನು ಪಕ್ಕದ ಸಿಲಿಂಡರ್‌ಗೆ ಹಾಕಿ, ದೋಷ ಅದರ ಹಿಂದೆಯೇ ಹೋಗುತ್ತದೆಯೇ ನೋಡಿ. ಹೋದರೆ ಆ ಭಾಗ ಕೆಟ್ಟಿದೆ. ಹೋಗದಿದ್ದರೆ ಅದರ ತಪ್ಪಿಲ್ಲ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಈ ಬರಹ ಪೆಟ್ರೋಲ್ ಮತ್ತು ಸಿಎನ್‌ಜಿ ಕಾರುಗಳಿಗೆ ಮಾತ್ರ. ಡೀಸೆಲ್ ಎಂಜಿನ್‌ನ ಲೆಕ್ಕಾಚಾರವೇ ಬೇರೆ.

ಚೆಕ್ ಎಂಜಿನ್ ದೀಪ ಮಿನುಗುತ್ತಿದೆಯೇ?

ಡ್ಯಾಶ್‌ಬೋರ್ಡಿನ ಹಳದಿ ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಓಡಿಸಿಕೊಂಡು ಮನೆ ಸೇರಬಹುದು. ಅದು ಮಿನುಗುತ್ತಿದ್ದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಜಾಗ ನೋಡಿ ನಿಲ್ಲಿಸಿ. ಉರಿಯದೆ ಉಳಿದ ಪೆಟ್ರೋಲ್ ನೇರವಾಗಿ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂಬ ಎಚ್ಚರಿಕೆ ಅದು. ಆ ಬಿಸಿಗೆ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿ ಮುಚ್ಚಿಕೊಳ್ಳುತ್ತದೆ. ಒಂದು ಕಾಯಿಲ್‌ನ ಖರ್ಚಿನಲ್ಲಿ ಮುಗಿಯಬೇಕಾದದ್ದು ಕನ್ವರ್ಟರ್ ಬದಲಿಸುವ ಮಟ್ಟಕ್ಕೆ ಹೋಗುವುದು ಇಲ್ಲಿಯೇ.

ಇನ್ನೊಂದು ಅನುಮಾನವನ್ನೂ ಈಗಲೇ ಪರಿಹರಿಸಿಕೊಳ್ಳಿ. ಮೂರು ಸಿಲಿಂಡರ್ ಎಂಜಿನ್ ಐಡ್ಲಿಂಗ್‌ನಲ್ಲಿ ಸ್ವಲ್ಪ ನಡುಗುವುದು ಅದರ ಸ್ವಭಾವ. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಕಾರಿನೊಳಗೆ ಜೋರಾಗಿ ನಡುಕ ಬರುತ್ತದೆ. ಗುರುತಿಸುವುದು ಸುಲಭ: ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸೈಲೆನ್ಸರ್ ಬಾಯಿಯಿಂದ ಒಂದು ಗೇಣು ದೂರದಲ್ಲಿ ಕಾಗದದ ಹಾಳೆ ಹಿಡಿಯಿರಿ. ಹೊಗೆಯ ಬಡಿತ ಸಮವಾಗಿದ್ದರೆ ದೋಷ ಮೌಂಟಿಂಗ್ ಕಡೆ. ಹಾಳೆ ನಡುನಡುವೆ ತಪ್ಪಿ ‘ಪುಸ್’ ಎಂದು ಕುಸಿಯುತ್ತಿದ್ದರೆ ಮಿಸ್ಸಿಂಗ್ ಖಚಿತ.

ಬೇಕಾಗುವ ಸಾಮಾನು

ಪ್ಲಗ್ ಪಾನಾ 16 ಅಥವಾ 14 ಮಿ.ಮೀ.; ಕಾರಿಗೆ ತಕ್ಕಂತೆ ಬೇಕು, ಒಳಗೆ ರಬ್ಬರ್ ಅಥವಾ ಆಯಸ್ಕಾಂತ ಇರುವಂಥದ್ದು. ಉದ್ದನೆಯ ಎಕ್ಸ್‌ಟೆನ್ಷನ್, ರಾಚೆಟ್, ಕಾಯಿಲ್ ಬೋಲ್ಟ್‌ಗೆ ಸಾಮಾನ್ಯವಾಗಿ 10 ಮಿ.ಮೀ. ಸಾಕೆಟ್, ಒಂದು ಮಲ್ಟಿಮೀಟರ್, ಟಾರ್ಚ್, ಪ್ಲಗ್ ಗ್ಯಾಪ್ (ತುದಿಯಲ್ಲಿ ಕಿಡಿ ಹಾರುವ ಸಂದು) ಅಳೆಯುವ ತಂತಿ ಗೇಜ್. ಇದರ ಜೊತೆ, ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಮತ್ತು ಫೋನಿನಲ್ಲಿ ಅದಕ್ಕೊಂದು ಆ್ಯಪ್. ಬಿಎಸ್-6 ಕಾರುಗಳೆಲ್ಲದರಲ್ಲೂ, ಬಿಎಸ್-4ರ ಬಹುಪಾಲು ಕಾರುಗಳಲ್ಲೂ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಕಂಪ್ರೆಷನ್ ಗೇಜ್ ಕೊನೆಯ ಹಂತಕ್ಕೆ ಬೇಕು. ಅದನ್ನು ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತಂದರೂ ಸಾಕು.

ಕಾರು ಸಮತಟ್ಟಾದ ಬಯಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಮುಚ್ಚಿದ ಗ್ಯಾರೇಜ್ ಅಥವಾ ನೆಲಮಾಳಿಗೆಯಲ್ಲಿ ಎಂಜಿನ್ ಓಡಿಸಿಕೊಂಡು ಪರೀಕ್ಷೆ ಮಾಡಬೇಡಿ. ಸೆರಗು, ದುಪಟ್ಟಾ, ಸಡಿಲ ತೋಳು, ಬಳೆ, ಕೈಗಡಿಯಾರ ಬೆಲ್ಟಿನ ಹತ್ತಿರ ಬಾರದಿರಲಿ. ರೇಡಿಯೇಟರ್ ಫ್ಯಾನ್ ತನ್ನಷ್ಟಕ್ಕೆ ತಾನೇ ಶುರುವಾಗುತ್ತದೆ ಎಂಬುದು ನೆನಪಿರಲಿ. ಎಂಜಿನ್ ಓಡುತ್ತಿರುವಾಗ ಕಾಯಿಲ್ ಮುಟ್ಟಿ ಮೇಲಕ್ಕೆ ಎಳೆಯುವ ಹಳೆಯ ಅಭ್ಯಾಸ ಬೇಡವೇ ಬೇಡ. ಅಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟ್.

ಮೊದಲ ಕೆಲಸ: ಕೋಡ್ ಓದಿ, ಅಳಿಸಬೇಡಿ

ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸೆನ್ಸರ್ ಮೂಲಕ ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್, ಪ್ರತಿ ಸಿಲಿಂಡರ್‌ನ ತಳ್ಳುವಿಕೆಯನ್ನು ಗಮನಿಸುತ್ತಿರುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಕ್ರ್ಯಾಂಕ್ ಆ ಕ್ಷಣಕ್ಕೆ ಒಂದಿಷ್ಟು ನಿಧಾನವಾಗುತ್ತದೆ. ಅದನ್ನು ಎಣಿಸಿಯೇ ದೋಷದ ಕೋಡ್ ಬರುವುದು.

ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಹೀಗೆ ಮುಂದಕ್ಕೆ. ಪಿ0300 ಎಂದರೆ ಒಂದೇ ಸಿಲಿಂಡರ್‌ಗೆ ಸೀಮಿತವಲ್ಲದ ಮಿಸ್ಸಿಂಗ್. ಒಂದೇ ಸಿಲಿಂಡರ್‌ನ ಕೋಡ್ ಬಂದರೆ ಕಾರಣವೂ ಆ ಸಿಲಿಂಡರ್‌ಗೆ ಸೇರಿದ್ದೇ: ಅದರ ಕಾಯಿಲ್, ಪ್ಲಗ್, ಇಂಜೆಕ್ಟರ್, ವೈರ್, ವಾಲ್ವ್. ಪಿ0300 ಒಂದೇ ಬಂದರೆ ಎಲ್ಲಕ್ಕೂ ಸಮಾನವಾದುದನ್ನು ಹುಡುಕಬೇಕು: ಕೆಟ್ಟ ಪೆಟ್ರೋಲ್, ಇಳಿದ ಪೆಟ್ರೋಲ್ ಒತ್ತಡ, ಗಾಳಿ ಸೋರಿಕೆ, ಎಲ್ಲ ಪ್ಲಗ್‌ಗಳೂ ಸವೆದಿರುವುದು. ಹಳೆಯ ವಿನ್ಯಾಸದ ನಾಲ್ಕು ಸಿಲಿಂಡರ್ ಕಾರುಗಳಲ್ಲಿ ಒಂದೇ ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ ಕಿಡಿ ಕೊಡುತ್ತದೆ. ಅಂಥ ಕಾರಿನಲ್ಲಿ ಪಿ0301, ಪಿ0304 ಜೋಡಿಯಾಗಿ ಬಂದರೆ ಮೊದಲ ಅನುಮಾನ ಕಾಯಿಲ್ ಮೇಲೆಯೇ.

ಕೋಡ್ ಜೊತೆಗಿರುವ ಫ್ರೀಜ್ ಫ್ರೇಮ್ ತೆರೆದು ಫೋಟೊ ತೆಗೆದಿಟ್ಟುಕೊಳ್ಳಿ. ದೋಷ ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂ, ಎಷ್ಟು ಲೋಡ್ ಎಂಬುದೆಲ್ಲ ಅಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ತಣ್ಣಗಿದ್ದಾಗ ಮಾತ್ರ ಬರುವುದು, ಬಿಸಿಯಾದ ಮೇಲೆ ಮಾತ್ರ ಬರುವುದು, ಏರಿನಲ್ಲಿ ಮಾತ್ರ ಬರುವುದು, ಇವು ಮೂರೂ ಬೇರೆ ಬೇರೆ ಕಾಯಿಲೆ.

ಕೋಡ್ ಬರುವಷ್ಟು ಜೋರಿಲ್ಲದ ಮಿಸ್ಸಿಂಗ್‌ಗೆ ಆ್ಯಪ್‌ನಲ್ಲಿ ಮೋಡ್ 6 ನೋಡಿ. ಅದು ಸಿಗುವ ಕಾರುಗಳಲ್ಲಿ ಎ2 ಒಂದನೇ ಸಿಲಿಂಡರ್, ಎ3 ಎರಡನೆಯದು, ಹೀಗೆ ಪ್ರತಿಯೊಂದರ ಮಿಸ್ಸಿಂಗ್ ಎಣಿಕೆ ಪ್ರತ್ಯೇಕವಾಗಿ ಸಿಗುತ್ತದೆ. ಮೂರರಲ್ಲಿ ಸೊನ್ನೆ ಇದ್ದು ಒಂದರಲ್ಲಿ ಇನ್ನೂರು ಇದ್ದರೆ ದೀಪ ಹತ್ತದಿದ್ದರೂ ಉತ್ತರ ಸಿಕ್ಕಿತು.

ಒಂದನೇ ಸಿಲಿಂಡರ್ ಯಾವುದೆಂದು ತಪ್ಪು ಎಣಿಸಿ ಸರಿಯಿರುವ ಕಾಯಿಲ್ ಬದಲಿಸುವವರು ಬಹಳ. ಹೆಚ್ಚಿನ ಕಾರುಗಳಲ್ಲಿ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಇರುವ ಬದಿಯಿಂದ, ಅಂದರೆ ಗೇರ್‌ಬಾಕ್ಸ್‌ಗೆ ಎದುರು ಬದಿಯಿಂದ ಎಣಿಕೆ ಶುರು. ಫ್ರೆಂಚ್ ಮೂಲದ ಕೆಲವು ಎಂಜಿನ್‌ಗಳಲ್ಲಿ ಇದು ತಿರುಗುಮುರುಗು. ನಿಮ್ಮ ಎಂಜಿನ್‌ನದ್ದನ್ನು ಖಚಿತಪಡಿಸಿಕೊಂಡೇ ಮುಂದುವರಿಯಿರಿ.

ಬಾನೆಟ್ ಎತ್ತಿ ಐದು ನಿಮಿಷ ಕಣ್ಣಾಡಿಸಿ

ನಮ್ಮ ಊರುಗಳಲ್ಲಿ ಮೊದಲು ನೋಡಬೇಕಾದ್ದು ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಕೋಣೆಗೆ ಹೊಕ್ಕ ಇಲಿ ಕಾಯಿಲ್ ಮತ್ತು ಇಂಜೆಕ್ಟರ್ ವೈರ್‌ಗಳನ್ನೇ ಕಡಿಯುತ್ತದೆ. ಹಿಕ್ಕೆ, ತೆಂಗಿನ ನಾರು, ಬ್ರೆಡ್ ಚೂರು ಕಂಡರೆ ಆ ಸಿಲಿಂಡರ್‌ನ ವೈರನ್ನು ಕನೆಕ್ಟರ್‌ನಿಂದ ಹಿಡಿದು ಟಾರ್ಚ್ ಬೆಳಕಿನಲ್ಲಿ ಬೆರಳಾಡಿಸುತ್ತ ಹೋಗಿ. ಮೇಲಿನ ಪ್ಲಾಸ್ಟಿಕ್ ಕೊಳವೆ ಸರಿಯಿದ್ದು ಕೆಳಗೆ ಹರಿದಿರುವುದುಂಟು. ಕಡಿದ ವೈರನ್ನು ಹೆಣೆದು ಟೇಪ್ ಸುತ್ತುವುದು ತಾತ್ಕಾಲಿಕ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ಹಾಕಿದರೆ ಬಾಳಿಕೆ ಬರುತ್ತದೆ.

ಎರಡನೆಯದು ನೀರು. ಎಂಜಿನ್‌ಗೆ ಪ್ರೆಷರ್ ನೀರು ಹಾಯಿಸಿ ತೊಳೆಸಿದ ಮರುದಿನ, ಅಥವಾ ನೀರು ನಿಂತ ರಸ್ತೆ ದಾಟಿದ ಮೇಲೆ ಮಿಸ್ಸಿಂಗ್ ಶುರುವಾಗಿದ್ದರೆ ಪ್ಲಗ್ ಗುಳಿಯಲ್ಲಿ ನೀರು ನಿಂತಿರುತ್ತದೆ. ಕಾಯಿಲ್ ತೆಗೆದು ಒಣ ಬಟ್ಟೆ ಮತ್ತು ಗಾಳಿಯಿಂದ ಒಣಗಿಸಿ. ಎಷ್ಟೋ ಸಲ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಮೂರನೆಯದು ಗುಳಿಯಲ್ಲಿ ಎಂಜಿನ್ ಆಯಿಲ್. ಟ್ಯಾಪೆಟ್ ಕವರ್ ಪ್ಯಾಕಿಂಗ್ ಅಥವಾ ಪ್ಲಗ್ ಟ್ಯೂಬ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಾಗ ಆಯಿಲ್ ಒಳಗಿಳಿಯುತ್ತದೆ, ಕಾಯಿಲ್‌ನ ರಬ್ಬರ್ ಬೂಟ್ ಉಬ್ಬಿ ಮೆತ್ತಗಾಗುತ್ತದೆ, ಕಿಡಿ ಪಕ್ಕಕ್ಕೆ ಹಾರುತ್ತದೆ. ಸೀಲ್ ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಕೆಲವು ತಿಂಗಳಲ್ಲಿ ಅದೇ ಕಥೆ.

ಕಾಯಿಲ್ ಅದಲು ಬದಲು

ಪಿ0302 ಬಂದಿದೆ ಎಂದಿಟ್ಟುಕೊಳ್ಳೋಣ. ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಡಿ.

1. ಎರಡು ಮತ್ತು ಮೂರನೇ ಕಾಯಿಲ್‌ಗಳ ಕನೆಕ್ಟರ್ ತೆಗೆಯಿರಿ. ಬಿಸಿಗೆ ಒಣಗಿದ ಕ್ಲಿಪ್ ಪಟ್ಟನೆ ಮುರಿಯುತ್ತದೆ. ಲಾಕ್ ಒತ್ತಿಹಿಡಿದು, ಕನೆಕ್ಟರನ್ನು ಮೊದಲು ಕಾಯಿಲ್ ಕಡೆಗೇ ಸ್ವಲ್ಪ ತಳ್ಳಿ, ಆಮೇಲೆ ಹಿಂದಕ್ಕೆ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ.

2. ಬೋಲ್ಟ್ ಬಿಚ್ಚಿ, ಕಾಯಿಲನ್ನು ಎಡಕ್ಕೂ ಬಲಕ್ಕೂ ತಿರುಚಿ ಮೇಲಕ್ಕೆತ್ತಿ.

3. ಎರಡನೆಯದರ ಕಾಯಿಲ್ ಮೂರಕ್ಕೆ, ಮೂರನೆಯದರದ್ದು ಎರಡಕ್ಕೆ ಹಾಕಿ. ಈ ಸಲ ಬೇರೆ ಏನನ್ನೂ ಮುಟ್ಟಬೇಡಿ. ಪ್ಲಗ್ಗೂ ಜೊತೆಗೇ ಬದಲಿಸಿದರೆ ತಪ್ಪು ಯಾವುದರದ್ದೆಂದು ಗೊತ್ತಾಗುವುದೇ ಇಲ್ಲ.

4. ಕೋಡ್ ಅಳಿಸಿ, ಮೊದಲು ದೋಷ ಬಂದ ಪರಿಸ್ಥಿತಿಯಲ್ಲೇ ಓಡಿಸಿ.

ಈಗ ಪಿ0303 ಬಂದರೆ ಕಾಯಿಲ್ ಹೋಗಿದೆ, ಮುಗಿಯಿತು. ಪಿ0302 ಮತ್ತೆ ಬಂದರೆ ಕಾಯಿಲ್ ಸರಿಯಿದೆ. ಕಾಯಿಲ್ ಒಳಗಿನ ತಂತಿಯ ಇನ್ಸುಲೇಷನ್ ಬಿಸಿಗೆ ಸೋಲುವುದು ಹೆಚ್ಚು, ಆದ್ದರಿಂದ ಮನೆ ಮುಂದೆ ಐದು ನಿಮಿಷ ಓಡಿಸಿ ತೀರ್ಮಾನಕ್ಕೆ ಬರಬೇಡಿ. ಅರ್ಧ ಗಂಟೆ ಓಡಿಸಿ, ಒಂದು ಏರು ಹತ್ತಿಸಿ. ಮಲ್ಟಿಮೀಟರ್‌ನಲ್ಲಿ ಕಾಯಿಲ್ ಅಳೆಯುವುದಕ್ಕಿಂತ ಈ ಪರೀಕ್ಷೆ ನಂಬಿಕಸ್ಥ. ಒಳಗೇ ಇಗ್ನೈಟರ್ (ಕಾಯಿಲ್‌ನ ಕರೆಂಟ್ ಹಾಕಿ ತೆಗೆಯುವ ಸ್ವಿಚ್) ಇರುವ ಮೂರು ಅಥವಾ ನಾಲ್ಕು ಪಿನ್ನಿನ ಕಾಯಿಲ್‌ನಲ್ಲಿ ಓಮ್ ಅಳತೆಗೆ ಅರ್ಥವಿಲ್ಲ.

ಪ್ಲಗ್ ಹೇಳುವ ಕಥೆ

ಬಿಸಿ ಎಂಜಿನ್‌ನಿಂದ ಪ್ಲಗ್ ಬಿಚ್ಚಿದರೆ ಸಿಲಿಂಡರ್‌ಗಳ ಮೇಲಿನ ಅಲ್ಯೂಮಿನಿಯಂ ಹೆಡ್‌ನ ಮರೆ, ಅಂದರೆ ತಿರುಪಿನ ಸುತ್ತು, ಕಿತ್ತುಬರುವ ಅಪಾಯವಿದೆ. ಕನಿಷ್ಠ ಒಂದು ಗಂಟೆ ಬಿಡಿ, ರಾತ್ರಿ ಕಳೆದರೆ ಇನ್ನೂ ಒಳ್ಳೆಯದು. ಬಿಚ್ಚುವ ಮೊದಲು ಸೈಕಲ್ ಪಂಪಿನಿಂದ ಗುಳಿಯೊಳಗಿನ ಮಣ್ಣು ಊದಿ ತೆಗೆಯಿರಿ. ಇಲ್ಲದಿದ್ದರೆ ಅದು ಸಿಲಿಂಡರ್ ಒಳಗೆ ಬೀಳುತ್ತದೆ. ತೆಗೆದ ಪ್ಲಗ್‌ಗಳನ್ನು ಕ್ರಮವಾಗಿ ಒಂದು ರಟ್ಟಿನ ಮೇಲೆ ಸಂಖ್ಯೆ ಬರೆದು ಇಡಿ. ಒಂದೇ ಪ್ಲಗ್ ನೋಡಿದರೆ ಏನೂ ತಿಳಿಯದು, ನಾಲ್ಕನ್ನೂ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಎದ್ದು ಕಾಣುತ್ತದೆ.

ತುದಿ ತಿಳಿ ಕಂದು, ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಆರೋಗ್ಯ. ಒಣ ಕರಿ ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ಸೊರಗಿದೆ. ಪೆಟ್ರೋಲ್‌ನಲ್ಲಿ ತೊಯ್ದಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ. ಆಯಿಲ್‌ನ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸೋತಿದೆ. ಸುಣ್ಣದ ಹಾಗೆ ಬಿಳುಪಾಗಿ ಗುಳ್ಳೆ ಎದ್ದಿದ್ದರೆ ಪೆಟ್ರೋಲ್ ಕಡಿಮೆ, ಬಿಸಿ ಜಾಸ್ತಿ. ಉಳಿದವೆಲ್ಲ ಕಂದಾಗಿದ್ದು ಒಂದು ಮಾತ್ರ ಹಬೆಯಲ್ಲಿ ತೊಳೆದಂತೆ ಸ್ವಚ್ಛವಾಗಿದ್ದರೆ ಸಂತೋಷಪಡಬೇಡಿ. ಆ ಸಿಲಿಂಡರ್‌ಗೆ ಕೂಲೆಂಟ್ ಸೋರುತ್ತಿರಬಹುದು. ರೇಡಿಯೇಟರ್ ನೀರು ಇಳಿಯುತ್ತಿದೆಯೇ, ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಬಿಳಿ ಹೊಗೆ ಬಂದು ಕೂಡಲೇ ನಿಲ್ಲದೆ ಎಳೆಯುತ್ತಿದೆಯೇ ನೋಡಿ.

ಈಗ ಪ್ಲಗ್ ಅಡ್ಡ ಹಿಡಿದು ಬಿಳಿ ಪಿಂಗಾಣಿಯನ್ನು ಬಿಸಿಲಿನಲ್ಲಿ ನಿಧಾನವಾಗಿ ತಿರುಗಿಸಿ. ಮೇಲಿನ ಟರ್ಮಿನಲ್‌ನಿಂದ ಕೆಳಗಿನ ಲೋಹದವರೆಗೆ ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕರಿ ಗೀಟು ಕಂಡರೆ ಅಪರಾಧಿ ಅದೇ. ಕಿಡಿ ಪ್ಲಗ್ ತುದಿಗೆ ಹೋಗದೆ ಹೊರಗಿನಿಂದಲೇ ಲೋಹಕ್ಕೆ ಹಾರಿ ಸುಟ್ಟ ದಾರಿ ಅದು. ಕಾಯಿಲ್ ಬೂಟ್‌ನ ಒಳಗೂ ಅದೇ ಜಾಗದಲ್ಲಿ ಜೊತೆ ಗೀಟು ಇರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ. ಹಳೇ ಬೂಟಿಗೆ ಹೊಸ ಪ್ಲಗ್ ಹಾಕಿದರೆ ಹೊಸದರ ಮೇಲೂ ಅದೇ ಗೀಟು ಬೀಳುತ್ತದೆ. ಲೋಹದ ಅಂಚಿನ ಪಕ್ಕ ಪಿಂಗಾಣಿಯ ಸುತ್ತ ಕಂದು ಉಂಗುರ ಇದ್ದರೆ ಹೆದರಬೇಕಿಲ್ಲ. ಅಧಿಕ ವೋಲ್ಟೇಜ್ ಸುತ್ತಲಿನ ಆಯಿಲ್ ಕಣಗಳನ್ನು ಸೆಳೆದು ಮೂಡಿಸಿದ ಕಲೆ ಅದು, ಗ್ಯಾಸ್ ಸೋರಿಕೆಯಲ್ಲ.

ಗ್ಯಾಪ್ ಬಹುತೇಕ ಕಾರುಗಳಲ್ಲಿ 0.8ರಿಂದ 1.1 ಮಿ.ಮೀ. ನಡುವೆ, ನಿಮ್ಮದಕ್ಕೆ ಎಷ್ಟೆಂದು ಮಾಲೀಕರ ಕೈಪಿಡಿ ನೋಡಿ. ಇರಿಡಿಯಂ ಪ್ಲಗ್‌ನ ನಡುವಿನ ಸೂಜಿಗೆ ಗೇಜ್ ಒತ್ತಿ ಮೀಟಬೇಡಿ, ಮುರಿಯುತ್ತದೆ. ಮಸಿ ಕೂತ ಪ್ಲಗ್‌ಗೆ ಉಪ್ಪು ಕಾಗದ ಉಜ್ಜುವುದರಿಂದ ಹೆಚ್ಚು ಪ್ರಯೋಜನವಿಲ್ಲ.

ವಾಪಸ್ ಹಾಕುವಾಗ ರಾಚೆಟ್ ಬಳಸಿಯೇ ಶುರು ಮಾಡಬಾರದು. ಒಂದು ಗೇಣು ರಬ್ಬರ್ ಪೈಪಿನ ತುದಿಗೆ ಪ್ಲಗ್ ತಲೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿ. ಮರೆ ಸರಿಯಾಗಿ ಕೂತರೆ ಸಲೀಸಾಗಿ ಇಳಿಯುತ್ತದೆ, ಓರೆಯಾದರೆ ಪೈಪೇ ಜಾರುತ್ತದೆ, ಹೆಡ್ ಉಳಿಯುತ್ತದೆ. ಟಾರ್ಕ್ ಪಾನಾ ಇದ್ದರೆ 14 ಮಿ.ಮೀ. ಮರೆಗೆ 25ರಿಂದ 30, 12 ಮಿ.ಮೀ. ಮರೆಗೆ 15ರಿಂದ 20 ನ್ಯೂಟನ್ ಮೀಟರ್. ಇಲ್ಲದಿದ್ದರೆ ಕೈಬಿಗಿ ಆದಮೇಲೆ ವಾಷರ್ ಇರುವ ಹೊಸ ಪ್ಲಗ್‌ಗೆ ಅರ್ಧ ಸುತ್ತು, ಹಳೆಯದಕ್ಕೆ ಹನ್ನೆರಡನೇ ಒಂದು ಸುತ್ತು, ಅಂದರೆ ಗಡಿಯಾರದ ಮುಳ್ಳು ಒಂದು ಅಂಕಿ ಸರಿದಷ್ಟು. ಮರೆಗೆ ಗ್ರೀಸ್ ಸವರಬೇಡಿ. ಜಾರಿಕೆಯಿಂದ ಅಳತೆ ಮೀರಿ ಬಿಗಿಯಾಗುತ್ತದೆ.

ಕಾರಣ ಗೀಟಿನಷ್ಟು ಸ್ಪಷ್ಟವಾಗಿ ಕಾಣದಿದ್ದರೆ ಕಾಯಿಲ್‌ಗೆ ಮಾಡಿದ ಹಾಗೆ ಪ್ಲಗ್ಗನ್ನೂ ಪಕ್ಕದ ಸಿಲಿಂಡರ್‌ಗೆ ಹಾಕಿ ನೋಡಿ.

ಇಂಜೆಕ್ಟರ್

ಎಂಜಿನ್ ಐಡ್ಲಿಂಗ್‌ನಲ್ಲಿರಲಿ, ಎಸಿ ಆಫ್. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಇಂಜೆಕ್ಟರ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ. ‘ಟಕ್ ಟಕ್ ಟಕ್’ ಸದ್ದು ಎಲ್ಲದರಲ್ಲೂ ಒಂದೇ ರೀತಿ ಇರಬೇಕು. ಆಮೇಲೆ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ತೆಗೆದು ಹಾಕುತ್ತ ಹೋಗಿ. ಕೆಲಸ ಮಾಡುತ್ತಿರುವ ಸಿಲಿಂಡರ್‌ನದನ್ನು ತೆಗೆದ ಕೂಡಲೇ ಎಂಜಿನ್ ಕುಸಿಯುತ್ತದೆ. ಯಾವುದನ್ನು ತೆಗೆದಾಗ ಏನೂ ಬದಲಾಗುವುದಿಲ್ಲವೋ ಸತ್ತಿರುವುದು ಆ ಸಿಲಿಂಡರ್. ಕಾಯಿಲ್ ಬದಲು ಇಂಜೆಕ್ಟರ್ ಕನೆಕ್ಟರ್ ತೆಗೆಯುವುದೇಕೆಂದರೆ ಪೆಟ್ರೋಲೇ ನಿಲ್ಲುವುದರಿಂದ ಕನ್ವರ್ಟರ್‌ಗೆ ಪೆಟ್ಟಿಲ್ಲ. ಇದರಿಂದ ಹೊಸ ಕೋಡ್‌ಗಳು ಬರುತ್ತವೆ, ಆಮೇಲೆ ಅಳಿಸಿಕೊಳ್ಳಿ.

ಸದ್ದಿಲ್ಲದ ಇಂಜೆಕ್ಟರ್‌ನ ಎರಡು ಪಿನ್‌ಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಕಾರಿನಲ್ಲಿ 12ರಿಂದ 16 ಓಮ್ ಬರಬೇಕು. ಓಮ್ ಸರಿಯಿದ್ದೂ ಸದ್ದಿಲ್ಲದಿದ್ದರೆ ವೈರಿಂಗ್ ಕಡೆ ಹೋಗಿ. ಸದ್ದಿದ್ದೂ ಪ್ಲಗ್ ಬಿಳುಪಾಗಿದ್ದರೆ ಇಂಜೆಕ್ಟರ್ ಬಾಯಿ ಕಟ್ಟಿದೆ. ಡೈರೆಕ್ಟ್ ಇಂಜೆಕ್ಷನ್ ಇರುವ ಟರ್ಬೊ ಕಾರುಗಳಲ್ಲಿ ಪೆಟ್ರೋಲ್ ರೈಲ್‌ನ ಒತ್ತಡ ನೂರು ಬಾರ್ ಮೀರುತ್ತದೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ.

ಪೆಟ್ರೋಲ್ ಹಾಕಿಸಿದ ಕೂಡಲೇ ಎಲ್ಲ ಸಿಲಿಂಡರ್‌ಗಳೂ ಒಟ್ಟಿಗೆ ಮಿಸ್ಸಿಂಗ್ ಹೊಡೆಯಲು ಶುರುವಾಗಿದ್ದರೆ ನೀರು ಬೆರೆತಿರಬಹುದು. ಪೆಟ್ರೋಲ್‌ನಲ್ಲಿ ಬೆರೆಸಿರುವ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಪಂಪ್ ಹೀರುವುದೂ ತಳದಿಂದಲೇ. ಟ್ಯಾಂಕಿನಿಂದ ತೆಗೆದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ ಕೆಳಗೆ ಬೇರೆ ಪದರ ಕಾಣುತ್ತದೆ. ಹಾಗೆ ಕಂಡರೆ ಟ್ಯಾಂಕ್ ಖಾಲಿ ಮಾಡಿಸುವುದೊಂದೇ ದಾರಿ.

ಗಾಳಿ ಸೋರಿಕೆ

ಐಡ್ಲಿಂಗ್‌ನಲ್ಲಿ ನಡುಗಿ, ಆಕ್ಸಿಲರೇಟರ್ ಕೊಟ್ಟಾಗ ಸರಿಹೋದರೆ ಗಾಳಿ ಒಳಹೋಗುವ ಇನ್‌ಟೇಕ್ ಬದಿಯಲ್ಲಿ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಆ್ಯಪ್‌ನಲ್ಲಿ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲ್ ಅಳತೆಯನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡಿ. ಐಡ್ಲಿಂಗ್‌ನಲ್ಲಿ ಶೇ. 20ರಷ್ಟು ಪ್ಲಸ್ ಇದ್ದು 2500 ಆರ್‌ಪಿಎಂನಲ್ಲಿ ಶೇ. 5ರ ಹತ್ತಿರ ಇಳಿದರೆ ಸೋರಿಕೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಏರಿನಲ್ಲಿ ಪ್ಲಸ್ ಏರುತ್ತ ಹೋದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಸೋತಿದೆ. ಒಂದು ಎಚ್ಚರಿಕೆ: ಒಂದು ಸಿಲಿಂಡರ್ ಪೂರ್ತಿ ಸತ್ತಿದ್ದರೆ ಈ ಅಂಕಿಗಳನ್ನು ನಂಬಬೇಡಿ. ಉರಿಯದೆ ಹೊರಬಿದ್ದ ಆಮ್ಲಜನಕವನ್ನು ಕಂಡ ಸೆನ್ಸರ್ ‘ಪೆಟ್ರೋಲ್ ಸಾಲದು’ ಎಂದು ತಪ್ಪು ತಿಳಿಯುತ್ತದೆ, ಟ್ರಿಮ್ ಸುಮ್ಮನೆ ಪ್ಲಸ್ ಆಗುತ್ತದೆ.

ಜಾಗ ಹುಡುಕಲು ಒಂದು ಮೊಳ ರಬ್ಬರ್ ಪೈಪಿನ ತುದಿ ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಹೋಸ್‌ಗಳ ಮೇಲೆ ಆಡಿಸಿ. ‘ಸ್ಸ್’ ಸದ್ದು ಅಲ್ಲೇ ಜೋರಾಗುತ್ತದೆ. ಎಂಜಿನ್ ಒಳಗಿನ ಹೊಗೆಯನ್ನು ಇನ್‌ಟೇಕ್‌ಗೆ ಮರಳಿಸುವ ಪಿಸಿವಿ ಹೋಸ್‌ನ ಬಾಗಿದ ಜಾಗ, ಬ್ರೇಕ್ ಬೂಸ್ಟರ್ ಹೋಸ್, ಮ್ಯಾನಿಫೋಲ್ಡ್ ಪ್ಯಾಕಿಂಗ್ ಈ ಮೂರನ್ನು ಮೊದಲು ನೋಡಿ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಚಿಮುಕಿಸುವ ಉಪಾಯ ಬೆಂಕಿಗೆ ಆಹ್ವಾನ; ನೀರಿನ ಸ್ಪ್ರೇ ಬಾಟಲಿ ಸಾಕು. ಸೋರುವ ಜಾಗಕ್ಕೆ ನೀರು ಬಿದ್ದಾಗ ಎಂಜಿನ್ ಸದ್ದು ಕ್ಷಣ ಬದಲಾಗುತ್ತದೆ. ಕನೆಕ್ಟರ್‌ಗಳ ಮೇಲೆ ಮಾತ್ರ ಬೀಳಿಸಬೇಡಿ.

ಸಿಎನ್‌ಜಿ ಕಾರಿದ್ದರೆ

ನಿಮ್ಮ ಕೈಯಲ್ಲಿ ಪುಕ್ಕಟೆ ಪರೀಕ್ಷೆಯೊಂದಿದೆ, ಇಂಧನ ಬದಲಿಸುವ ಸ್ವಿಚ್. ಪೆಟ್ರೋಲ್‌ನಲ್ಲಿ ಮಾತ್ರ ಮಿಸ್ಸಿಂಗ್ ಇದ್ದರೆ ವರ್ಷಗಟ್ಟಲೆ ಬಳಸದೆ ಅಂಟು ಕಟ್ಟಿದ ಪೆಟ್ರೋಲ್ ಇಂಜೆಕ್ಟರ್. ಸಿಎನ್‌ಜಿಯಲ್ಲಿ ಮಾತ್ರ ಇದ್ದರೆ ಗ್ಯಾಸ್ ಫಿಲ್ಟರ್, ಗ್ಯಾಸ್ ಒತ್ತಡ ಇಳಿಸುವ ರೆಡ್ಯೂಸರ್, ಗ್ಯಾಸ್ ಇಂಜೆಕ್ಟರ್ ಜೊತೆಗೆ ಪ್ಲಗ್ ಮತ್ತು ಕಾಯಿಲ್ ಕೂಡ ಸಂಶಯಕ್ಕೆ ಅರ್ಹ. ಸಿಎನ್‌ಜಿ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು, ಹಾಗಾಗಿ ಸೊರಗಿದ ಕಾಯಿಲ್ ಮೊದಲು ಕೈಕೊಡುವುದು ಗ್ಯಾಸ್‌ನಲ್ಲೇ. ಎರಡರಲ್ಲೂ, ಅದೂ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಬಂದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಅಳೆಸಿ. ಒಣ ಇಂಧನಕ್ಕೆ ವಾಲ್ವ್ ಸೀಟ್ ಸವೆದು ಗ್ಯಾಪ್ ಕಡಿಮೆಯಾಗುತ್ತದೆ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಗ್ಯಾಸ್ ಪೈಪಿನ ಯಾವ ಜೋಡಣೆಯನ್ನೂ ನೀವೇ ಬಿಚ್ಚಬಾರದು.

ಕೊನೆಗೆ ಕಂಪ್ರೆಷನ್

ಕಾಯಿಲ್, ಪ್ಲಗ್, ಇಂಜೆಕ್ಟರ್, ವೈರ್ ಎಲ್ಲ ಸರಿಯಿದ್ದೂ ಅದೇ ಸಿಲಿಂಡರ್ ಸತ್ತಿದ್ದರೆ ಗೇಜ್ ಹಾಕುವುದೇ ದಾರಿ. ಎಂಜಿನ್ ಉಗುರುಬೆಚ್ಚಗಿರಲಿ. ಪೆಟ್ರೋಲ್ ಪಂಪ್ ಫ್ಯೂಸ್ ತೆಗೆಯಿರಿ. ಎಲ್ಲ ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ; ಕಿಡಿಗೆ ದಾರಿಯಿಲ್ಲದೆ ಕಾಯಿಲ್ ಓಡಿದರೆ ಕಾಯಿಲೂ ಇಸಿಯುವೂ ಸುಡಬಹುದು. ಎಲ್ಲ ಪ್ಲಗ್ ತೆಗೆದು, ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತುಳಿದು, ಮುಳ್ಳು ಐದಾರು ಸಲ ಜಿಗಿಯುವಷ್ಟು ಸೆಲ್ಫ್ ಹೊಡೆಯಿರಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ಇಲ್ಲದಿದ್ದರೆ ಕೊನೆಯ ಸಿಲಿಂಡರ್ ಅನ್ಯಾಯವಾಗಿ ಕಡಿಮೆ ತೋರಿಸುತ್ತದೆ.

ಆರೋಗ್ಯವಾದ ಪೆಟ್ರೋಲ್ ಎಂಜಿನ್‌ನಲ್ಲಿ ಸುಮಾರು 150ರಿಂದ 200 ಪಿಎಸ್‌ಐ ಬರುತ್ತದೆ. ಅಂಕಿಗಿಂತ ಮುಖ್ಯ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಅದು ಶೇ. 10ರಿಂದ 15ರೊಳಗೆ ಇರಬೇಕು. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡರಲ್ಲಿ ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಇದು ಹೆಡ್ ಬಿಚ್ಚುವ ಕೆಲಸ, ಅಂಗಳದಲ್ಲಿ ಆಗುವುದಲ್ಲ. ಆದರೆ ಅಳತೆಗಳನ್ನು ಬರೆದ ಚೀಟಿ ಹಿಡಿದು ಗ್ಯಾರೇಜಿಗೆ ಹೋದರೆ ಪ್ಲಗ್ ಬದಲಿಸಿ ನೋಡೋಣ ಎಂಬಲ್ಲಿಂದ ಮಾತು ಶುರುವಾಗುವುದಿಲ್ಲ.

ರಿಪೇರಿಯಾದ ಮೇಲೆ ಎಲ್ಲ ಕೋಡ್ ಅಳಿಸಿ, ಫ್ರೀಜ್ ಫ್ರೇಮ್‌ನ ಫೋಟೊದಲ್ಲಿದ್ದ ಅದೇ ಬಿಸಿ, ಅದೇ ಆರ್‌ಪಿಎಂ, ಅದೇ ಲೋಡ್‌ನಲ್ಲಿ ಓಡಿಸಿ, ಮನೆಗೆ ಬಂದು ಮೋಡ್ 6ರ ಎಣಿಕೆ ನೋಡಿ. ಸೊನ್ನೆ ಇದ್ದರೆ ಕೆಲಸ ಆಯಿತು.